ಎದ್ದು ಹೋಗುವ ಆಟಗಾರರು

ಗೋಡೆಯ ಮೇಲೆ ‘ಮುನ್ನೂರು’ ಅಂತ ಬರೆದ ಹಾಳೆ ಅಂಟಿಸಿದ್ದು ನಾನೇ. ಕಣ್ಣೆದುರಿಗಿದ್ದರೆ ಹುರುಪು ಬರುತ್ತೆ ಅಂದ್ಕೊಂಡಿದ್ದೆ. ಬಂದದ್ದು ದಿಗಿಲು. ಬೆಳಿಗ್ಗೆ ಬೀಗ ತೆಗೆದು ಒಳಗೆ ಕಾಲಿಟ್ಟರೆ ಮೊದಲು ಕಾಣೋದು ಅದೇ, ಸಂಜೆ ಬಾಗಿಲು ಎಳೆದುಕೊಳ್ಳುವಾಗ ಕೊನೆಗೆ ಕಾಣೋದೂ ಅದೇ.

ಚಿತ್ರದುರ್ಗದಲ್ಲಿ ಬೀಜದಂಗಡಿಯೊಂದರ ಮೇಲಿನ ಒಂದೇ ಕೋಣೆ ನಮ್ಮ ಕಚೇರಿ. ಇದ್ದವರು ಇಬ್ಬರು. ಆಟದ ನಿಯಮ, ಚಿತ್ರ, ಪರದೆ ಎಲ್ಲ ನನ್ನ ಪಾಲು. ಸರ್ವರ್ ನೋಡಿಕೊಳ್ಳೋನು ಹಿರಿಯೂರಿನಿಂದ ದಿನಾ ಬಸ್ಸಿಗೆ ಬರುವ ನನ್ನ ಜೊತೆಗಾರ. ನನಗೆ ಬಾಯಿ ಜಾಸ್ತಿ, ಅವನಿಗೆ ಇಲ್ಲವೇ ಇಲ್ಲ. ಮೂರು ವರ್ಷ ಕೂತು ನಾವು ಮಾಡಿದ್ದು ಹುಲಿ-ಕುರಿ ಆಟ. ನಮ್ಮ ಕಡೆ ಬಂಡೆ ಮೇಲೆ, ಗುಡಿ ಕಟ್ಟೆ ಮೇಲೆ ಗೆರೆ ಕೊರೆದು ಆಡ್ತಾರಲ್ಲ, ಮೂರು ಹುಲಿ ಹದಿನೈದು ಕುರಿ, ಅದೇ. ಹುಲಿ ಕುರಿಯನ್ನು ಹಾರಿ ತಿನ್ನಬೇಕು, ಕುರಿಗಳು ಸೇರಿ ಹುಲಿಯನ್ನು ಅಲ್ಲಾಡದಂತೆ ಕಟ್ಟಿಹಾಕಬೇಕು. ಅದನ್ನು ಫೋನಿನಲ್ಲಿ, ಎಲ್ಲೋ ಇರುವ ಇನ್ನೊಬ್ಬರ ಜೊತೆ ಆಡುವ ಹಾಗೆ ಮಾಡಿದ್ದೆವು.

ಬೆಂಗಳೂರಿನ ಒಂದು ಕಂಪನಿ ತನ್ನ ಸರ್ವರ್‌ನಲ್ಲಿ ನಮಗೆ ಪುಕ್ಕಟೆ ಜಾಗ ಕೊಟ್ಟಿತ್ತು. ಕೊಡುವಾಗಲೇ ಅಲ್ಲಿನ ಮೇಡಂ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು. “ತೊಂಬತ್ತು ದಿನ. ಅಷ್ಟರೊಳಗೆ ಯಾವುದಾದರೂ ಏಳು ದಿನ ಸತತವಾಗಿ, ಒಂದೇ ಹೊತ್ತಿಗೆ ಮುನ್ನೂರು ಜನ ನಿಮ್ಮ ಆಟದಲ್ಲಿ ಇರಬೇಕು. ಇಲ್ಲದಿದ್ದರೆ ತೊಂಬತ್ತನೇ ದಿನ ಮುಚ್ಚುತ್ತೇವೆ. ಬೇಜಾರು ಮಾಡಿಕೊಳ್ಳಬಾರದು.”

ಡೌನ್‌ಲೋಡ್ ಮಾಡಿಕೊಂಡವರು ಆರು ಸಾವಿರದ ಮೇಲಿದ್ದರು. ಮುನ್ನೂರು ಯಾವ ಲೆಕ್ಕ ಅಂತ ಹಿಗ್ಗಿದೆ. ಮೊದಲ ವಾರ ನೋಡಿದರೆ ಒಂದೇ ಹೊತ್ತಿಗೆ ಇದ್ದವರು ಹೆಚ್ಚೆಂದರೆ ನಲವತ್ತು.

ಆ ನಲವತ್ತು ಜನರೂ ಯಾಕೆ ನಿಲ್ಲುತ್ತಿಲ್ಲ ಅಂತ ದಾಖಲೆ ತೆಗೆದು ಕೂತೆವು. ಬಂದವರು ಎದುರಾಳಿಗಾಗಿ ಅರ್ಧ ನಿಮಿಷ ಕಾಯುತ್ತಾರೆ, ಸಿಗದಿದ್ದರೆ ಹೋಗುತ್ತಾರೆ. ಒಂದು ಆಟಕ್ಕೆ ಹನ್ನೆರಡು ನಿಮಿಷ ಬೇಕು. ಅಂದರೆ ನಲವತ್ತರಲ್ಲಿ ಮೂವತ್ತಾರು ಜನ ಆಗಲೇ ಯಾವುದೋ ಆಟದ ನಡುವೆ ಇರುತ್ತಾರೆ, ಹೊಸ ಎದುರಾಳಿ ಹುಡುಕುವವರು ನಾಲ್ಕೇ ಜನ. ಆ ನಾಲ್ವರನ್ನು ನಾನು ಬುದ್ಧಿವಂತಿಕೆ ಮಾಡಿ ನಾಲ್ಕು ಸಾಲಿನಲ್ಲಿ ನಿಲ್ಲಿಸಿದ್ದೆ. ಹುಲಿ ಆಗಬೇಕೆನ್ನುವವರು, ಕುರಿ ಆಗಬೇಕೆನ್ನುವವರು, ಅದರಲ್ಲಿ ಹಳಬರು, ಹೊಸಬರು. ಸಾಲಿಗೊಬ್ಬರು ನಿಂತು ಎದುರಾಳಿ ಇಲ್ಲ ಅಂತ ವಾಪಸ್ ಹೋಗುತ್ತಿದ್ದರು. ಅದರ ಮೇಲೆ ಎಲ್ಲರಿಗೂ ಹುಲಿಯೇ ಆಗಬೇಕು!

“ಸಾಲು ಕಿತ್ತಾಕು,” ಅಂದ ಜೊತೆಗಾರ. “ಒಂದೇ ಸಾಲು ಮಾಡಾಣ. ಹುಲಿನೋ ಕುರಿನೋ ಚೀಟಿ ಎತ್ತಿದಂಗೆ ಬರ್ಲಿ. ಎರಡನೇ ಆಟದಾಗೆ ಅದಲು ಬದಲು.”

ಕಿತ್ತೆವು. ನಲವತ್ತು ಎಪ್ಪತ್ತಾಯಿತು. ಅಲ್ಲಿಗೆ ನಿಂತಿತು.

ನಲವತ್ತನೇ ದಿನದ ಹೊತ್ತಿಗೆ ಪಂದ್ಯ ಇಟ್ಟೆವು. ಚಿತ್ರದುರ್ಗದ ಕಾಲೇಜುಗಳಿಗೂ ಸಿರಿಗೆರೆಗೂ ಹೋಗಿ ಪಾಠ ಮುಗಿದ ಮೇಲೆ ಮರದಡಿ ನಿಂತು ಗಂಟಲು ಹರಿದುಕೊಂಡೆ. ಶನಿವಾರ ಸಂಜೆ ಐದಕ್ಕೆ ಎಲ್ಲರೂ ಬನ್ನಿ ಅಂದೆ, ಬಂದರು. ನೂರು, ನೂರಾ ಐವತ್ತು, ಇನ್ನೂರ ಮೂವತ್ತು. ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ. ಐದೂ ಇಪ್ಪತ್ತಕ್ಕೆ ಸರ್ವರ್ ತೊದಲಿತು. ಸಂಪರ್ಕ ಕಡಿದುಹೋದವರ ಫೋನುಗಳೆಲ್ಲ ಒಟ್ಟಿಗೇ ಮತ್ತೆ ಬಾಗಿಲು ತಟ್ಟಿದವು, ತಟ್ಟಿದ್ದಕ್ಕೇ ಇನ್ನಷ್ಟು ಕಡಿಯಿತು. ಮತ್ತೆ ತಟ್ಟುವ ಮುಂಚೆ ಒಂದೊಂದು ಫೋನೂ ಬೇರೆ ಬೇರೆ ಹೊತ್ತು ಕಾಯಬೇಕು ಅಂತ ಪ್ರೋಗ್ರಾಂನಲ್ಲಿ ಎರಡು ಸಾಲು ಬರೆದಿದ್ದರೆ ಸಾಕಿತ್ತು. ನಾವು ಬರೆದಿರಲಿಲ್ಲ. ಸೋಮವಾರ ನೋಡಿದರೆ ಐವತ್ತು ಜನ. ಜೊತೆಗಾರ ಅವತ್ತು ಊಟ ಬಿಟ್ಟ. ನಾನು ಅವನ ಮೇಲೆ ರೇಗಿ, ಆಮೇಲೆ ನನ್ನ ಮೇಲೇ ರೇಗಿಕೊಂಡು, ಕೊನೆಗೆ ಮೆಟ್ಟಿಲ ಮೇಲೆ ಕೂತು ಅತ್ತೆ.

ಬೊಂಬೆಗಳ ಯೋಚನೆ ಬಂದದ್ದು ಅದಾದ ಮೇಲೆ. ಮನುಷ್ಯರ ಹಾಗೆ ಆಡುವ ಪ್ರೋಗ್ರಾಂಗಳು. ಅವನ್ನು ನಾವು ಬೊಂಬೆ ಅನ್ನುತ್ತಿದ್ದೆವು. ಎದುರಾಳಿ ಸಿಗದವರಿಗೆ ಒಂದು ಬೊಂಬೆ ಕೊಟ್ಟರೆ ಕಾಯುವುದು ತಪ್ಪುತ್ತೆ, ಜನ ನಿಲ್ಲುತ್ತಾರೆ, ನಿಂತ ಜನ ಒಬ್ಬರಿಗೊಬ್ಬರು ಸಿಗುತ್ತಾರೆ, ಆಮೇಲೆ ಬೊಂಬೆ ತೆಗೆಯೋದು. ಎಲ್ಲ ಕಡೆ ಹೀಗೇ ಮಾಡ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಇನ್ನೂರು ಬೊಂಬೆಗಳು ಸದಾ ಒಳಗೆ ಕೂತು ಕಾಯುವ ಹಾಗೆ ಮಾಡಿದೆವು. ಹೆಸರಿಟ್ಟವಳು ನಾನು. ಸುತ್ತಲ ಊರುಗಳನ್ನೂ ಸುತ್ತಲ ಹೆಸರುಗಳನ್ನೂ ಜೋಡಿಸುತ್ತಾ ಹೋದೆ. ನಡೆ ಇಡುವ ಮೊದಲು ಮೂರರಿಂದ ಎಂಟು ಸೆಕೆಂಡು ಯೋಚಿಸಿದ ಹಾಗೆ ಮಾಡಿಸಿದೆ. ಆಟ ಮುಗಿದಾಗ “ಒಳ್ಳೆ ಆಟ ಕಣಣ್ಣ” ಅನ್ನೋದನ್ನೂ ಕಲಿಸಿದೆ.

“ಇವನ್ನ ಎಣಿಕೆಯಿಂದ ಬಿಡ್ಲಾ?” ಅಂತ ಜೊತೆಗಾರ ಕೇಳಿದ. ಬೊಂಬೆಗಳೂ ಆಟಗಾರರ ಬಾಗಿಲಿನಿಂದಲೇ ಒಳಗೆ ಬರುತ್ತಿದ್ದರಿಂದ ಮೇಡಂ ನೋಡುವ ಪರದೆಯಲ್ಲಿ ಅವೂ ಜನವೇ.

“ಆಮೇಲೆ ನೋಡಾಣ,” ಅಂದೆ.

ಅವನು ನನ್ನ ಮುಖ ನೋಡಿದ. ನಾನು ಕಿಟಕಿ ಕಡೆ ತಿರುಗಿದೆ.

ಬೊಂಬೆಗಳು ಬಂದ ಮೇಲೆ ನಿಜವಾದ ಜನವೂ ನಿಧಾನಕ್ಕೆ ಏರಿದರು. ಅರವತ್ತು, ಎಂಬತ್ತು, ನೂರು. ಇನ್ನೂರಕ್ಕೆ ಸೇರಿಸಿ ನೋಡಿ. ಅರವತ್ತೈದನೇ ದಿನ ಪರದೆಯಲ್ಲಿ ಮುನ್ನೂರ ನಾಲ್ಕು ಬಂತು. ಮರುದಿನ ಮುನ್ನೂರ ಹತ್ತು. ಮೂರನೇ ದಿನ, ನಾಲ್ಕನೇ ದಿನ. ಇನ್ನು ಮೂರೇ ದಿನ. ಮೇಡಂ ತಾವಾಗಿಯೇ ಫೋನ್ ಮಾಡಿ ಅಭಿನಂದನೆ ಹೇಳಿದರು. “ನಿಮ್ಮ ಊರಿನವರು ಇಷ್ಟು ಹಚ್ಚಿಕೊಳ್ಳುತ್ತಾರೆ ಅಂತ ಗೊತ್ತಿರಲಿಲ್ಲ,” ಅಂದರು. “ಹ್ಞೂಂ ಮೇಡಂ,” ಅಂದೆ.

ಐದನೇ ದಿನ ಬೆಳಿಗ್ಗೆ ಫೋನು ಬಂತು. ಆಟದ ‘ಸಹಾಯ’ ಅನ್ನುವ ಕಡೆ ಕೊಟ್ಟಿದ್ದು ನನ್ನ ನಂಬರೇ. ಹೊಸದುರ್ಗದ ಕಡೆಯ ಒಬ್ಬ ಕುರಿ ಕಾಯುವ ಅಜ್ಜ.

“ಅವ್ವಾ, ಆಟದೋರಾ? ಒಂದು ವಿಳಾಸ ಬೇಕಾಗಿತ್ತು.”

“ಯಾರದಜ್ಜ?”

“ಹೊರಕೆರೆದೇವಪುರದ ತಿಪ್ಪಣ್ಣ ಅಂತ. ಮೂರು ವಾರದಿಂದ ದಿನಾ ನನ್ನ ಸಂಗಡ ಆಡ್ತಾನೆ. ಬಲೇ ಒಳ್ಳೆ ಮನುಷ್ಯ ಕಣವ್ವ. ನಾನು ಅರ್ಧಕ್ಕೆ ಎದ್ದೋದ್ರೂ ಬೈಯಂಗಿಲ್ಲ, ಒಳ್ಳೆ ಆಟ ಕಣಣ್ಣ ಅಂತಾನೆ. ಮಂದೆ ಹೊಡ್ಕಂಡು ಹೊಳಲ್ಕೆರೆ ಮ್ಯಾಲೆ ಹೋಗಿದ್ದೆ. ಹೆಂಗೂ ಹತ್ರ ಅಂತ ನಿನ್ನೆ ದೇವಪುರಕ್ಕೆ ಹೋದೆ. ಗುಡಿತಾವ ಕೇಳ್ದೆ, ಹೋಟ್ಲಾಗೆ ಕೇಳ್ದೆ, ಯಾರಿಗೂ ಗೊತ್ತಿಲ್ಲ ಅಂತಾರೆ. ಹೊಳೆಯಾಗೆ ಆರಿಸಿದ್ದ ಕಲ್ಲು ತಗಂಡೋಗಿದ್ದೆ, ಮೂರು ಕರೇವು, ಹದಿನೈದು ಬಿಳೇವು. ಅವನಿಗೆ ಕೊಡಾಣ ಅಂತ.”

ನಾನು ಫೋನು ಹಿಡಿದುಕೊಂಡೇ ಮೆಟ್ಟಿಲಿಗೆ ಬಂದೆ.

“ಇನ್ನೊಂದು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ. ಆ ವಯ್ಯ ಒಂದ್ಸಲನೂ ಎದ್ದು ಹೋಗಲ್ಲ. ಮಳೆ ಬರ್ಲಿ, ಉಣ್ಣೋ ಹೊತ್ತಾಗ್ಲಿ, ಕುಂತೇ ಇರ್ತಾನೆ. ಅವನಿಗೆ ಕುರಿ ಇಲ್ವಾ? ಹೆಂಡ್ತಿ ಮಕ್ಕಳು ಕೂಗಲ್ವಾ? ಮನುಷ್ಯ ಹುಷಾರಿಲ್ದೆ ಮಂಚ ಹಿಡ್ಕಂಡವ್ನಾ ಅಂತ ನನಗೊಂದು ಚಿಂತೆ ಹತ್ತೈತೆ.”

ಅಯ್ಯೋ ದೇವರೇ ಅನ್ನಿಸಿತು. ಏನಾದರೂ ಒಂದು ಸುಳ್ಳು ಹೇಳಬಹುದಿತ್ತು, ಊರು ಬಿಟ್ಟು ಹೋಗಿದ್ದಾರೆ ಅಂದಿದ್ದರೆ ಮುಗಿಯುತ್ತಿತ್ತು. ಹೇಳೋಕೆ ಬಾಯೂ ತೆರೆದೆ. ಆದರೆ ಆ ಹದಿನೆಂಟು ಕಲ್ಲು ಕಣ್ಣ ಮುಂದೆ ಬಂದವು.

“ಅಜ್ಜ, ತಿಪ್ಪಣ್ಣ ಅಂತ ಯಾರೂ ಇಲ್ಲ. ಅದು ಕಂಪ್ಯೂಟರು. ಹೆಸರು ನಾನಿಟ್ಟಿದ್ದು.”

ಅಜ್ಜ ಮೆಲ್ಲಗೆ ಕೇಳಿದ, “ಹಂಗಾರೆ ನಾನು ಇಷ್ಟು ದಿನ ಯಾರ ಸಂಗಡ ಮಾತಾಡಿದೆ?”

ತಪ್ಪಾಯ್ತು ಅಂದೆ. ಬಂದು ನೋಡ್ತೀನಿ ಅಂದೆ. “ಬರ್ತೀಯಾ ಬಾ, ಬ್ಯಾಡ ಅನ್ನಾಕೆ ಇದೇನು ನನ್ನ ಗುಡ್ಡವಾ?” ಅಂತ ಹೇಳಿ ಫೋನಿಟ್ಟ.

ಮಾರನೇ ದಿನ ಹೊಸದುರ್ಗಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು, ಅಜ್ಜ ಹೇಳಿದ್ದ ಗುಡ್ಡದ ಬುಡಕ್ಕೆ ಹೋದಾಗ ಮಧ್ಯಾಹ್ನ. ಕುರಿಗಳು ಮರದ ನೆರಳಿನಲ್ಲಿ ತಲೆ ತಗ್ಗಿಸಿ ನಿಂತಿದ್ದವು. ಅಜ್ಜ ಇನ್ನೊಬ್ಬ ಕುರಿಗಾಹಿಯ ಜೊತೆ ಬಂಡೆಯ ಮೇಲೆ ಹುಲಿ-ಕುರಿ ಆಡುತ್ತಿದ್ದ. ನನ್ನನ್ನು ನೋಡಿ “ಕುಂತ್ಕ” ಅಂದ, ಅಷ್ಟೇ. ಕಲ್ಲು ತಂದಿದ್ದ ಬಟ್ಟೆಚೀಲ ಪಕ್ಕದಲ್ಲೇ ಗಂಟು ಹಾಕಿದ ಹಾಗೇ ಇತ್ತು. ನಾನು ಕೂತೆ.

ಹತ್ತು ನಿಮಿಷ ಆಗಿರಲಿಲ್ಲ, ನಾಲ್ಕೈದು ಕುರಿ ಪಕ್ಕದ ರಾಗಿ ಹೊಲದ ಕಡೆ ನುಗ್ಗಿದವು. ಅಜ್ಜ “ಹೋಯ್!” ಅಂತ ಕೂಗಿ ಎದ್ದವನು, ಓಡುವ ಮುಂಚೆ ಪಕ್ಕದ ಗಿಡದಿಂದ ಒಂದು ಎಳೆ ತಂಗಡೆ ಸೊಪ್ಪು ಕಿತ್ತು ಹುಲಿಯ ಕಲ್ಲಿನ ಕೆಳಗೆ ಸಿಕ್ಕಿಸಿ ಹೋದ. ಇನ್ನೊಬ್ಬನೂ ತನ್ನ ಮಂದೆಯ ಕಡೆ ನಡೆದ. ಬಂಡೆಯ ಹತ್ತಿರ ನಾನೊಬ್ಬಳೇ ಉಳಿದೆ. ಒಂದು ಗಂಟೆಯಾಯಿತು. ದಾರಿಯಲ್ಲಿ ಹೋಗುವ ಹೆಂಗಸರು ಬಂದು ಅದೇ ಬಂಡೆಯ ಇನ್ನೊಂದು ಅಂಚಿನಲ್ಲಿ ಕೂತು ನೀರು ಕುಡಿದು ಹೋದರು. ಗೆರೆಯ ಹತ್ತಿರ ಯಾರೂ ಕೈ ಹಾಕಲಿಲ್ಲ.

ಅಜ್ಜ ವಾಪಸ್ ಬಂದಾಗ ಕೇಳಿದೆ, ಆ ಸೊಪ್ಪು ಯಾಕೆ ಅಂತ.

“ಸೊಪ್ಪು ಇದ್ರೆ ಆಟ ನಡೀತೈತೆ ಅಂತ. ಕಲ್ಲು ಮುಟ್ಟಂಗಿಲ್ಲ. ಇವತ್ತು ಬರ್ತೀವೋ ನಾಳೆ ಬರ್ತೀವೋ, ಕಲ್ಲು ಅಲ್ಲೇ ಇರ್ತಾವೆ. ನಿನ್ನ ಫೋನಾಗೆ ಹಂಗೆಲ್ಲೈತೆ? ಎರಡು ನಿಮಿಷ ಎದ್ದು ಬಂದ್ರೆ ‘ಓಡಿಹೋದ ಆಟಗಾರ’ ಅಂತ ಕೆಂಪಗೆ ಬರೀತೈತೆ. ನಾನು ಎಲ್ಲಿಗೆ ಓಡೋಗಿದ್ದೆ? ನನ್ನ ಕುರಿ ಹಿಂದೆ ಓಡೋಗಿದ್ದೆ!”

ನಡೆ ಇಡಲು ನಲವತ್ತೈದು ಸೆಕೆಂಡು, ತಪ್ಪಿದರೆ ಸೋಲು, ಮೂರು ಸಲ ತಪ್ಪಿದರೆ ಓಡಿಹೋದ ಆಟಗಾರ ಅನ್ನುವ ಹೆಸರು. ಅಂಥವರನ್ನು ಮನುಷ್ಯರ ಸಾಲಿಗೆ ಬಿಡಬಾರದು, ಬೊಂಬೆಗಳ ಜೊತೆಗೇ ಆಡಿಸಬೇಕು ಅನ್ನೋ ನಿಯಮ ಬರೆದದ್ದೂ ನಾನೇ. ಹಗಲು ಹನ್ನೊಂದರಿಂದ ನಾಲ್ಕರವರೆಗೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಕಡೆಯಿಂದ ಇಂಥ ಓಡಿಹೋದವರು ತುಂಬಾ ಇದ್ದರು. ಅಲ್ಲಿ ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡು ಬಿಟ್ಟಿದ್ದೆ. ಈ ಆಟವನ್ನು ನಮಗೆಲ್ಲರಿಗಿಂತ ಚೆನ್ನಾಗಿ ಬಲ್ಲವರನ್ನೇ ಹೊರಗೆ ದಬ್ಬಿ, ಬೊಂಬೆಗಳ ಜೊತೆ ಕೂರಿಸಿದ್ದೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದೇ ಹೊತ್ತಿಗೆ ಇಬ್ಬರೂ ಇರಬೇಕು ಅಂದರೆ ನೂರಾರು ಜನ ಬೇಕು. ಕಲ್ಲು ಇದ್ದಲ್ಲೇ ಇರುತ್ತೆ ಅಂದರೆ ಎಷ್ಟು ಬೇಕು? ಮತ್ತೆ ಮತ್ತೆ ಹಾಕಿದರೂ ಬಂದದ್ದು ಎರಡೇ. ಅವರೂ ಒಂದೇ ಹೊತ್ತಿಗೆ ಇರಬೇಕಾಗಿಲ್ಲ.

ಕಚೇರಿಗೆ ಬಂದು ಹೇಳಿದೆ. ಜೊತೆಗಾರ ತನ್ನ ಲೆಕ್ಕ ಹೇಳಿದ.

“ಆಟಕ್ಕೆ ಒಳ್ಳೇದು. ನಮಗೆ ಒಳ್ಳೇದಲ್ಲ. ಸಮಯದ ಮಿತಿ ತೆಗೆದ್ರೆ ಜನ ಒಂದು ನಡೆ ಇಟ್ಟು ಹೋಗ್ತಾರೆ. ಒಂದೇ ಹೊತ್ತಿಗೆ ಇರೋರು ಇಪ್ಪತ್ತೂ ಇರಲ್ಲ. ಮೇಡಂ ಕೇಳೋದು ಅದನ್ನೇ. ಇವತ್ತಿಗೆ ಆರು ದಿನ ಆಗೈತೆ. ನಾಳೆ ಒಂದು ದಿನ ತಡ್ಕಂಡ್ರೆ ಗೆದ್ದಂಗೆ.”

ಅದು ಸುಳ್ಳಲ್ಲ. ಒಂದೇ ಒಂದು ದಿನ. ಮೂರು ವರ್ಷದ ಕೆಲಸ ಉಳಿಯುತ್ತಿತ್ತು. ನಾನು ಹಾಳೆಯ ಮೇಲಿನ ಮುನ್ನೂರು ನೋಡಿದೆ. ಅದರಲ್ಲಿ ಇನ್ನೂರು ನಾನೇ ಹೆಸರಿಟ್ಟವು. ಒಂದು ದಿನ ತಡೆದುಕೊಂಡು ಗೆದ್ದರೆ ಆಮೇಲೆ ಅವನ್ನು ತೆಗೆಯುವ ಧೈರ್ಯ ನನಗೆ ಬರುವುದಿಲ್ಲ ಅಂತ ನನಗೇ ಗೊತ್ತಿತ್ತು. ಇನ್ನೆಷ್ಟು ಜನ ಇನ್ಯಾವ ಊರಲ್ಲಿ ಇಂಥ ತಿಪ್ಪಣ್ಣಂದಿರನ್ನು ಹುಡುಕಿಕೊಂಡು ಅಲೆಯುತ್ತಾರೋ.

“ತೆಗಿ,” ಅಂದೆ.

“ಈಗ್ಲೇನಾ?”

“ಈಗ್ಲೇ. ನಾಳೆ ಅಂದ್ರೆ ನನ್ನ ಮನಸ್ಸು ತಿರುಗುತ್ತೆ.”

ಅವನು ತೆಗೆದ. ಪರದೆಯ ಗೆರೆ ದಡಾರ್ ಅಂತ ಕೆಳಗೆ ಬಿತ್ತು. ವಾರ ಕಳೆಯುವುದರೊಳಗೆ ಕಾಯಲಾರದ ಜನವೂ ಹೋಗಿ ಮೂವತ್ತೆಂಟಕ್ಕೆ ನಿಂತಿತು. ಬೊಂಬೆ ತೆಗೆದ ದಿನವೇ ಮೇಡಂಗೆ ನಾನೇ ಫೋನ್ ಮಾಡಿ ಇನ್ನೂರು ಬೊಂಬೆಯ ವಿಷಯ ಹೇಳಿದೆ. ಅವರು ಬೈಯಲಿಲ್ಲ. “ನೀವು ಹೇಳದಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲ,” ಅಂದರು. “ಆದರೆ ತೊಂಬತ್ತನೇ ದಿನದ ಮಾತು ಹಾಗೇ ಇದೆ,” ಅಂದರು.

ಉಳಿದಿದ್ದು ಇಪ್ಪತ್ತು ದಿನ. ಅಷ್ಟರಲ್ಲಿ ಆಟವನ್ನು ಬಿಚ್ಚಿ ಕಟ್ಟಿದೆವು. ಸಮಯದ ಮಿತಿ ಹೋಯಿತು. ಕೆಂಪಕ್ಷರ ಹೋಯಿತು. ಎದ್ದು ಹೋಗುವವರು ಒತ್ತಲು ಒಂದು ಸೊಪ್ಪಿನ ಚಿತ್ರ ಬರೆದೆ, ಒತ್ತಿದರೆ ಕಲ್ಲುಗಳು ಇದ್ದಲ್ಲೇ ಇರುತ್ತವೆ. ಎದುರಾಳಿ ನಡೆ ಇಟ್ಟರೆ ಫೋನು ಒಂದು ಸಲ ಮೆಲ್ಲಗೆ ಗುನುಗುತ್ತದೆ. ಆಗಲೇ ಜೊತೆಗಾರ ಒಂದು ವಿಷಯ ಕಂಡುಹಿಡಿದ. ಯಾರೂ ಒಟ್ಟಿಗೆ ಕೂರದ ಆಟಕ್ಕೆ ದೊಡ್ಡ ಸರ್ವರ್ ಬೇಕಾಗೇ ಇಲ್ಲ. ನಮ್ಮ ಮೇಜಿನ ಕೆಳಗಿನ ಹಳೇ ಕಂಪ್ಯೂಟರೇ ಸಾಕು.

ತೊಂಬತ್ತನೇ ದಿನ ಒಂದೇ ಹೊತ್ತಿಗೆ ಇದ್ದವರು ಹದಿನೇಳು. ಮಧ್ಯಾಹ್ನ ಹನ್ನೆರಡಕ್ಕೆ ಕಂಪನಿ ತನ್ನ ಬಾಗಿಲು ಮುಚ್ಚಿತು. ಅಷ್ಟರೊಳಗೆ ಆಟಗಳನ್ನೆಲ್ಲ ನಮ್ಮ ಕಂಪ್ಯೂಟರಿಗೆ ತಂದಿದ್ದೆವು. ಸೊಪ್ಪು ಇಟ್ಟು ಬಿಟ್ಟುಹೋದ ಆಟಗಳು ಇನ್ನೂರ ಹನ್ನೆರಡು ಇರಬೇಕಿತ್ತು. ಎಣಿಸಿದರೆ ಇನ್ನೂರ ಮೂರು.

ಒಂಬತ್ತು ಆಟ ಎಲ್ಲಿ? ಕಲ್ಲು ಮುಟ್ಟಲ್ಲ ಅಂತ ಮಾತು ಕೊಟ್ಟು ತಿಂಗಳೂ ತುಂಬುವ ಮುಂಚೆಯೇ ಮುಟ್ಟಿಬಿಟ್ಟೆವಾ? ವಾರದ ಮೇಲೆ ಯಾರೂ ನಡೆ ಇಡದ ಆಟಗಳನ್ನು ಗುಡಿಸಿಹಾಕುವ ಒಂದು ಹಳೇ ಕಟ್ಟಳೆ ಎಲ್ಲೋ ಉಳಿದುಹೋಗಿತ್ತು, ಸಾಗಿಸುವಾಗ ಅದು ತನ್ನ ಕೆಲಸ ಮಾಡಿತ್ತು. ಆ ಒಂಬತ್ತರಲ್ಲಿ ಒಂದು ಹೊಸದುರ್ಗದ ಅಜ್ಜನದು. ಎದುರಾಳಿ ಸಿರಿಗೆರೆ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಒಬ್ಬ ಹುಡುಗಿ, ನಾವು ಪಂದ್ಯಕ್ಕೆ ಕರೆದಿದ್ದವರಲ್ಲಿ ಉಳಿದವಳು. ಅಜ್ಜ ಹತ್ತು ದಿನದ ಹಿಂದೆ ಸೊಪ್ಪು ಒತ್ತಿ ಹೋಗಿದ್ದ. ಕಂಪನಿ ಬಾಗಿಲು ಮುಚ್ಚಿಯಾಗಿತ್ತು, ಕೇಳೋಕೆ ಯಾರೂ ಇಲ್ಲ.

“ಬೆಳಿಗ್ಗೆ ಒಂದು ಪ್ರತಿ ಎತ್ತಿಟ್ಟಿದ್ದೆ, ಇರು,” ಅಂದ ಜೊತೆಗಾರ. ಅವನು ಹುಡುಕುವಷ್ಟು ಹೊತ್ತು ನಾನು ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆದೆ. ಸಿಕ್ಕಿತು. ಒಂದೊಂದೇ ಆಟ ತೆರೆದು, ಒಂದೊಂದೇ ಕಲ್ಲು ಹೊಂದಿಸಿ ನೋಡಿ ಕೂರಿಸಿದೆವು. ಮುಗಿದಾಗ ಮೂರು ಗಂಟೆ. ಪರದೆಯಲ್ಲಿ ಈಗ ಆಡುತ್ತಿರುವವರು ಸೊನ್ನೆ.

ಒಂದು ಗಂಟೆ ಸೊನ್ನೆ. ಬಹುಶಃ ಯಾರೂ ಬರಲ್ಲ, ಮೂರು ವರ್ಷದ ಕೆಲಸಕ್ಕೆ ನಾನೇ ಬೀಗ ಹಾಕಿದೆ ಅನ್ನಿಸಿತು. ನಾಲ್ಕೂ ಹತ್ತಕ್ಕೆ ಸೊನ್ನೆ ಹೋಗಿ ಒಂದು ಬಂತು. ಅಜ್ಜನ ಆಟದಲ್ಲಿ ಒಂದು ಕುರಿ ಒಂದು ಮನೆ ಮುಂದೆ ಹೋಯಿತು. ಮತ್ತೆ ಸೊನ್ನೆ. ನಾಲ್ಕೂವರೆಗೆ ಕಾಲೇಜು ಬಿಡುವ ಹೊತ್ತು, ಮತ್ತೆ ಒಂದು. ಹುಡುಗಿಯ ಹುಲಿ ಹಾರಿ ಆ ಕುರಿಯನ್ನೇ ತಿಂದಿತು. ಜೊತೆಗಾರ ನಕ್ಕ. ತಿಂಗಳುಗಳ ಮೇಲೆ ಅವನು ನಕ್ಕಿದ್ದು.

ಅಷ್ಟರಲ್ಲಿ ನನ್ನ ಫೋನು. ಅಜ್ಜ.

“ಅವ್ವಾ, ಕುರಿ ಮರಿ ಹಾಕಿದ್ವು, ಬರಾಕೆ ಆಗಿರ್ಲಿಲ್ಲ. ಹತ್ತು ದಿನ ಆದ್ರೂ ಕಲ್ಲು ಇದ್ದಲ್ಲೇ ಅವೆ, ನೋಡ್ದೆ. ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಈ ಸಿರಿಗೆರೆ ಹುಡುಗಿ ಮನುಷ್ಯಳು ತಾನೆ?”

“ಹೌದಜ್ಜ. ಆಣೆ ಮಾಡಿ ಹೇಳ್ತೀನಿ.”

“ನಿನ್ನ ಆಣೆ ತಗಂಡು ನಾನೇನ್ ಮಾಡ್ಲಿ. ಹೆಂಗೆ ನಂಬ್ಲಿ, ಅದು ಹೇಳು.”

ನಾನು ಪರದೆ ನೋಡಿದೆ. ಹುಡುಗಿಯ ಹುಲಿಗೆ ಇನ್ನೊಂದು ಕುರಿ ಕಾಣುತ್ತಿತ್ತು, ಅಜ್ಜನ ನಡೆ ಬಾಕಿ ಇತ್ತು. ಅಷ್ಟರಲ್ಲಿ ಹುಲಿಯ ಕಲ್ಲಿನ ಕೆಳಗೆ ಸೊಪ್ಪು ಬಂತು.

“ಎದ್ದು ಹೋದಳು ಅಜ್ಜ. ಬಸ್ ಬಂತು ಅನ್ಸುತ್ತೆ.”

“ಹೋದ್ಲಾ?” ಅಂದ ಅಜ್ಜ. ಅವನ ದನಿ ಸಡಿಲವಾಯಿತು. “ಹಂಗಾರೆ ಸರಿ. ಬರ್ಲಿ, ಬಂದಾಗ ಆಡಾಣ.”